ಕರ್ರೋಡ್ನ ಮುಂಗಾಲು

ಯಾಮಿನಿಯ ಹಾಸ್ಟೆಲ್ ಟ್ರಂಕಲ್ಲಿ, ಎರಡು ಚೂಡಿದಾರ್ ಮಧ್ಯೆ, ಮೂರು ವಾರದಿಂದ ಒಂದು ಮೂಳೆ ಮಲಗಿತ್ತು. ಗೇಣುದ್ದ, ಕೆಮ್ಮಣ್ಣು ಕುಡಿದು ಕುಡಿದು ಇಟ್ಟಿಗೆ ಬಣ್ಣ. ರೂಮ್‌ಮೇಟ್ ಮಹತಿ ಮೊದಲನೇ ವಾರ ಆ ಟ್ರಂಕ್ ಕಡೆ ತಲೆ ಹಾಕಿ ಮಲಗ್ತಿರ್ಲಿಲ್ಲ. ಎರಡನೇ ವಾರ ಅದಕ್ಕೆ ಗುಡ್ ಮಾರ್ನಿಂಗ್ ಹೇಳಕ್ಕೆ ಶುರು ಮಾಡಿದ್ಲು. ಮೂರನೇ ವಾರ, "ನಿನ್ ಮೂಳೆ ಪಾಸಾದ್ರೆ ನಂಗೊಂದು ಮಸಾಲೆ ದೋಸೆ ಕಣೇ," ಅಂದ್ಲು.

ಪಾಸಾಗೋದು ಅಂದ್ರೆ ಪರೀಕ್ಷೆ ಅಲ್ಲ, ಒಂದು ಸೀಟು. ಪುಣೆ ಕಡೆ ಒಂದು ಲ್ಯಾಬು. ಬದುಕಿರೋ ಪ್ರಾಣಿದು, ಅಳಿದುಹೋಗಿರೋ ಪ್ರಾಣಿದು, ಎರಡರ ಮೂಳೆನೂ ಪಕ್ಕಪಕ್ಕ ಇಟ್ಕೊಂಡು, ಯಾವ ಆಕಾರ ಯಾವ ಕೆಲಸಕ್ಕೋಸ್ಕರ ಬಂತು ಅಂತ ಹುಡುಕೋ ಜಾಗ. ಬೇಸಿಗೆಲಿ ಎರಡು ತಿಂಗಳು ಅಲ್ಲಿ ಕೂತು ಕಲಿಯಕ್ಕೆ ಒಬ್ಬರಿಗೆ, ಒಬ್ಬರಿಗೆ ಮಾತ್ರ, ಅವಕಾಶ. ಆ ಲ್ಯಾಬಿನ ಡಾಕ್ಟರ್ ಸಂಘಮಿತ್ರ ಅನ್ನೋರು ಶನಿವಾರ ಚಿಕ್ಕಬಳ್ಳಾಪುರದ ಕಾಲೇಜಿಗೆ ಬಂದು, ಬಿಎಸ್ಸಿ ಕೊನೆ ವರ್ಷದೋರ ಸೆಮಿನಾರ್ ಕೇಳಿ, ಆರಿಸೋರಿದ್ರು.

ಯಾಮಿನಿಗೆ ಆ ಸೀಟು ಬೇಕಿತ್ತು. ಗದ್ದೆ ಕೆಲಸ ಮಾಡಿ ಬಂದೋರಿಗೆ ಮುದ್ದೆ ಬೇಕಾದಂಗೆ ಬೇಕಿತ್ತು. ಚಿಕ್ಕೋಳಿದ್ದಾಗಿಂದ ಅವಳಿಗೆ ಇದೇ ಹುಚ್ಚು. ಊರಲ್ಲಿ ಬಾಡೂಟ ಆದ್ರೆ ಮಿಕ್ಕ ಮಕ್ಕಳು ಐಸ್ ಕ್ಯಾಂಡಿ ಹಿಂದೆ ಓಡ್ತಿದ್ರೆ, ಇವಳು ಉಂಡು ಎಸೆದ ಎಲೆಗಳ ಹಿಂದೆ ಓಡ್ತಿದ್ಲು, ಕುರಿ ಮೊಣಕಾಲು ಹುಡುಕ್ಕೊಂಡು. "ನಾಯಿ ಜೊತೆ ಪೈಪೋಟಿ," ಅಂತ ಸಂಬಂಧಿಕರೆಲ್ಲ ನಗೋರು. ಆ ಹುಚ್ಚಿಗೆ ಒಂದು ಕುರ್ಚಿ, ಒಂದು ಟೇಬಲ್, ಒಂದು ಲೈಟು ಹಾಕಿ ಕೂರಿಸ್ತಾರೆ ಅಂತ ಅವಳು ಕೇಳಿದ್ದು ಇದೇ ಮೊದಲು.

ಮೂಳೆ ಸಿಕ್ಕಿದ್ದು ಅವರೂರು ಕೆಂಚಾರ್ಲಹಳ್ಳಿಲೇ, ಯುಗಾದಿ ರಜದಲ್ಲಿ. ನಲ್ಲಪ್ಪ ಚಿಕ್ಕಪ್ಪ ಹಿಪ್ಪುನೇರಳೆ ತೋಟದ ಪಕ್ಕ ಕೃಷಿಹೊಂಡ ತೋಡಿಸ್ತಿದ್ದ. ಜೆಸಿಬಿ ಹನ್ನೊಂದು ಅಡಿ ಇಳಿದಿತ್ತು. ಬಕೆಟ್ಟಿನ ಹಲ್ಲಿಗೆ ಸಿಕ್ಕಾಕ್ಕೊಂಡು ಮೇಲೆ ಬಂತು ನೋಡಿ ಈ ಮೂಳೆ. ಡ್ರೈವರ್ ಮಣ್ಣಿನ ಜೊತೆ ಸುರಿದುಬಿಡ್ತಿದ್ದ. ಯಾಮಿನಿ ಚಪ್ಪಲಿನೂ ಹಾಕ್ಕೊಳ್ದೆ ಓಡಿ ಹೋಗಿ ಎತ್ಕೊಂಡ್ಲು.

ಮನೆಗೆ ತಗೊಂಡು ಹೋದ್ರೆ ಅಮ್ಮಾಜಮ್ಮ ಅಜ್ಜಿ ಬಾಗಿಲಿಗೆ ಅಡ್ಡ ನಿಂತಿದ್ಲು. "ಮೂಳೆ ಹೊಸ್ತಿಲು ದಾಟಂಗಿಲ್ಲ ಕಣಮ್ಮ. ಹುಳ ಮೂರನೇ ಜ್ವರಕ್ಕೆ ಕೂತಿವೆ. ಮೈಲಿಗೆ ಆದ್ರೆ ಒಂದೂ ಗೂಡು ಕಟ್ಟಲ್ಲ, ಆಮೇಲೆ ಶಿಡ್ಲಘಟ್ಟದ ಮಾರ್ಕೆಟಿಗೆ ನಿನ್ನನ್ನೇ ತಗೊಂಡೋಗಿ ಇಡ್ಬೇಕಾಗತ್ತೆ." ರೇಷ್ಮೆಹುಳ ಪೊರೆ ಬಿಡಕ್ಕೆ ಮುಂಚೆ ಮೇವು ಬಿಟ್ಟು ಮಂಕಾಗಿ ಕೂರೋದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಆ ಹೊತ್ತಲ್ಲಿ ಅಜ್ಜಿ ಹತ್ರ ವಾದ ಮಾಡೋರು ಆ ಮನೇಲಿ ಇನ್ನೂ ಹುಟ್ಟಿಲ್ಲ. ತಾತ ಆವಲಪ್ಪ ಅವತ್ತು ಚಿಂತಾಮಣಿಲಿ, ಕಣ್ಣಿನ ಪೊರೆ ತೆಗೆಸ್ಕೊಂಡು ಆಸ್ಪತ್ರೆಲಿದ್ದ. ಹಂಗಾಗಿ ಮೂಳೆನ ದುಪಟ್ಟದಲ್ಲಿ ಸುತ್ತಿ, ಬಾಗಿಲಿಂದ ನೇರ ಬಸ್‌ಸ್ಟಾಪು, ಬಸ್‌ಸ್ಟಾಪಿಂದ ನೇರ ಹಾಸ್ಟೆಲ್ಲು.

ಲ್ಯಾಬಲ್ಲಿ ತೊಳೆದು ನೋಡಿದ ತಕ್ಷಣ ಅವಳಿಗೆ ಗೊತ್ತಾಯ್ತು, ಇದು ದನದ ಜಾತಿದು, ಮುಂಗಾಲಿನ ಕೊಳವೆ ಮೂಳೆ. ಅಂದ್ರೆ ಗೊರಸಿಗೂ ಮಂಡಿಗೂ ಮಧ್ಯ ಇರೋದು. ನಮ್ಮ ಅಂಗೈಯಲ್ಲಿ ಐದು ಬೆರಳಿಗೆ ಐದು ಮೂಳೆ ಇದಾವಲ್ಲ, ದನಕ್ಕೆ ಅದರಲ್ಲಿ ಎರಡೇ ಉಳ್ಕೊಂಡು, ಆ ಎರಡೂ ಬೆಸ್ಕೊಂಡು ಒಂದಾಗ್ಬಿಟ್ಟಿವೆ, ಓಡಕ್ಕೆ ಗಟ್ಟಿಯಾಗಿರ್ಲಿ ಅಂತ. ಬೆಸುಗೆ ಬೀಳಕ್ಕೆ ಕೋಟಿ ಕೋಟಿ ವರ್ಷ ಹಿಡಿದಿದೆ. ಮುಂದುಗಡೆ ಒಂದು ಸಣ್ಣ ಗೀರು ಇನ್ನೂ ಇದೆ, ಹಳೇ ಗಾಯದ ಗುರುತಿನ ಥರ.

ಅದೆಲ್ಲ ಸರಿ, ಆದ್ರೆ ಈ ಮೂಳೆಯ ಕೆಳತುದಿ ಸರಿ ಇರ್ಲಿಲ್ಲ. ಗೊರಸು ಕೂರೋ ಎರಡು ಗುಬುಟಲ್ಲಿ ಒಳಗಡೇದು ಉಬ್ಕೊಂಡು, ಅಗಲ ಆಗಿ, ಪಕ್ಕಕ್ಕೆ ಹರಡ್ಕೊಂಡಿತ್ತು. ಯಾವ ಹಸುದೂ ಹಂಗಿರಲ್ಲ. ಮೊಬೈಲಲ್ಲಿ ಹುಡುಕಿದ್ರೆ, ಎಂದೋ ಅಳಿದುಹೋದ ಕಾಡೆತ್ತಿನ ಮೂಳೆ ಫೋಟೋಗಳು ಬಂದ್ವು. ಅವೂ ಅಗಲ. ಇದೂ ಅಗಲ. ಹನ್ನೊಂದು ಅಡಿ ಆಳ ಬೇರೆ. ಯಾಮಿನಿ ಎದೆ ಡವಡವ ಅಂದಿದ್ದು ಪಕ್ಕದ ಬೆಂಚಿಗೆ ಕೇಳಿಸಿರಬೇಕು.

ಪಕ್ಕದ ಬೆಂಚಲ್ಲಿ ಶ್ರೀಕರ್ ಇದ್ದ. ಅಪ್ಪ ತಾಲ್ಲೂಕಾಫೀಸಲ್ಲಿ ಕ್ಲರ್ಕು, ಅಮ್ಮ ವಿಶಾಲಾಕ್ಷಮ್ಮ ಸ್ಕೂಲ್ ಟೀಚರ್ರು, ಮನೇಲಿ ಈರುಳ್ಳಿನೂ ಏಕಾದಶಿ ನೋಡ್ಕೊಂಡು ಒಳಗೆ ಬರತ್ತೆ. ಇವನ ಪ್ರಾಜೆಕ್ಟು ಮಾತ್ರ ಕೋಳಿ, ಕಾಗೆ, ಬಾವಲಿ ರೆಕ್ಕೆ ಮೂಳೆ. ಕೋಳಿ ಅಂಗಡಿಗೆ ಮಾಸ್ಕ್ ಹಾಕ್ಕೊಂಡು ಹೋಗ್ತಿದ್ದ, ಕೊರೋನಾಗಲ್ಲ, ಅಪ್ಪನ ಫ್ರೆಂಡ್ಸಿಗೆ ಹೆದರಿ.

"ನಮ್ಮಮ್ಮ ಜಾಮಿಟ್ರಿ ಬಾಕ್ಸ್ ತೆಗೆದುಬಿಟ್ರು ಕಣೇ ನಿನ್ನೆ," ಅಂದ ಅವನು.

"ಏನಿತ್ತು?"

"ಕೋಳಿ ರೆಕ್ಕೆ ಮೂಳೆ. ಪ್ಲಾಸ್ಟಿಕ್ ಮಾಡೆಲ್ ಅಂದೆ. ಮೂಸಿ ನೋಡಿದ್ರು."

"ಆಮೇಲೆ?"

"ಆಮೇಲೆ ತಲೆಗೆ ಸ್ನಾನ. ನಂಗೂ, ಬಾಕ್ಸಿಗೂ."

ತನುಜ ಮಿಸ್ಸು, ಝೂವಾಲಜಿ ಮೇಡಮ್ಮು, ಯಾಮಿನಿ ಮೂಳೆನ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ್ರು. "ಚೆನ್ನಾಗಿದೆ. ಆದ್ರೆ ನಂಗೆ ಗ್ಯಾರಂಟಿ ಇಲ್ಲ. 'ಅಳಿದುಹೋದ ಕಾಡೆತ್ತೇ?' ಅಂತ ಶೀರ್ಷಿಕೆಗೆ ಪ್ರಶ್ನೆ ಚಿಹ್ನೆ ಹಾಕಿ ಕಳಿಸು," ಅಂದ್ರು. ಯಾಮಿನಿ ಕಳಿಸೋವಾಗ ಪ್ರಶ್ನೆ ಚಿಹ್ನೆ ತೆಗೆದುಬಿಟ್ಲು. ಪ್ರಶ್ನೆ ಚಿಹ್ನೆ ಇದ್ರೆ ಯಾರು ಸೀಟ್ ಕೊಡ್ತಾರೆ ಅಂತ. 'ಕೆಂಚಾರ್ಲಹಳ್ಳಿಯಲ್ಲಿ ಸಿಕ್ಕಿದ ಅಳಿದುಹೋದ ಕಾಡೆತ್ತು' ಅಂತ ಅವಳ ಹೆಸರಿನ ಪಕ್ಕ ಅಚ್ಚಾಗಿ ನೋಟಿಸ್ ಬೋರ್ಡಿಗೇ ಬಂದುಬಿಡ್ತು.

ಗುರುವಾರ ಹೊಂಡದ ಫೋಟೋ ತಗೊಳಕ್ಕೆ ಅಂತ ಊರಿಗೆ ಹೊರಟ್ಲು. ಶಿಡ್ಲಘಟ್ಟ ದಾಟೋವರೆಗೂ ನಿಂತ್ಕೊಂಡೇ, ಆಮೇಲೆ ಸೀಟ್ ಸಿಕ್ತು, ಮೂಳೆನ ತೊಡೆ ಮೇಲೆ ಇಟ್ಕೊಂಡು ಕೂತ್ಲು. ಮೂಳೆನ ಯಾಕೆ ಜೊತೆಲಿ ತಂದ್ಲು ಅಂದ್ರೆ, ಸಿಕ್ಕಿದ ಜಾಗದಲ್ಲೇ ಇಟ್ಟು ಫೋಟೋ ತೆಗೆದ್ರೆ ಗತ್ತಾಗಿರತ್ತೆ ಅಂತ.

ಜಗಲಿ ಮೇಲೆ ಆವಲಪ್ಪ ತಾತ ಕರಿ ಕನ್ನಡಕ ಹಾಕ್ಕೊಂಡು, ಕಾಲು ಚಾಚ್ಕೊಂಡು, ಸಿನಿಮಾ ವಿಲನ್ ಥರ ಕೂತಿದ್ದ. ಎಂಬತ್ತಾಗಿದೆ ಅಂತಾನೆ. ಅಜ್ಜಿ ಎಂಬತ್ತಮೂರು ಅಂತಾಳೆ.

"ಏನಮ್ಮ ಅದು, ಬಟ್ಟೆಲಿ ಸುತ್ಕೊಂಡು ಬಂದಿದ್ದೀಯ, ಕೂಸಾ?"

"ಮೂಳೆ ತಾತ. ಸಾವಿರಾರು ವರ್ಷದ್ದು. ಒಳಗೆ ತರಲ್ಲ ಅಂತ ಅಜ್ಜಿಗೆ ಹೇಳು."

"ಇಟ್ಲ ಇವ್ವಮ್ಮ," ಅಂತ ತಾತ ಕೈ ಚಾಚಿದ. ನಮ್ಮ ಕಡೆ ಅರ್ಧ ಮಾತು ಕನ್ನಡ ಅರ್ಧ ತೆಲುಗು, ಯಾವ ಅರ್ಧ ಯಾವಾಗ ಬರತ್ತೆ ಅಂತ ಮಾತಾಡೋರಿಗೂ ಗೊತ್ತಿರಲ್ಲ.

ಕೊಟ್ಲು. ತಾತ ಕನ್ನಡಕ ತೆಗೀಲಿಲ್ಲ, ಮೂಳೆ ಕಡೆ ನೋಡ್ಲೂ ಇಲ್ಲ. ಹೆಬ್ಬೆರಳು ಮೇಲಿಂದ ಕೆಳಗೆ ಜಾರಿಸ್ಕೊಂಡು ಬಂದ. ಆ ಉಬ್ಬಿನ ಹತ್ರ ಬಂದು ಬೆರಳು ನಿಂತ್ಬಿಡ್ತು. ಇನ್ನೊಂದ್ ಸಲ ಜಾರಿಸಿದ. ಇನ್ನೊಂದ್ ಸಲನೂ ಅಲ್ಲೇ ನಿಂತ.

"ಇವನು ಕಪಿಲೆ ಎಳೆದೋನು," ಅಂದ.

"ಯಾರು?"

"ಇವನೇ. ಈ ಕಾಲಿನೋನು. ಎಲ್ಲಿ ಸಿಕ್ತು?"

"ಹೊಂಡದಲ್ಲಿ. ಹನ್ನೊಂದು ಅಡಿ ಕೆಳಗೆ. ಹನ್ನೊಂದು ಅಡಿ ಮಣ್ಣು ಮೇಲೆ ಕೂರ್ಬೇಕು ಅಂದ್ರೆ ಎಷ್ಟು ಕಾಲ ಬೇಕು ಗೊತ್ತಾ ತಾತ ನಿಂಗೆ?"

"ಗೊತ್ತಿಲ್ದೆ ಏನು. ಎರಡು ದಿನ. ಮೂರು ಗಾಡಿಲಿ ನಾನೇ ಹೊಡೆಸಿದ್ದು."

ಯಾಮಿನಿ ಜಗಲಿ ತುದಿಗೆ ಕೂತ್ಬಿಟ್ಲು.

ತಾತ ಹೇಳ್ತಾ ಹೋದ. ಪಂಪ್‌ಸೆಟ್ ಬರಕ್ಕೆ ಮುಂಚೆ ಆ ಜಾಗದಲ್ಲಿ ಕಪಿಲೆ ಬಾವಿ ಇತ್ತು. ಬಾವಿ ಬಾಯಿಂದ ಹೊರಗಡೆಗೆ ಇಳಿಜಾರಾಗಿ ಒಂದು ದಾರಿ ತೋಡಿದ್ರು, ಹೋಗ್ತಾ ಹೋಗ್ತಾ ಆಳ, ಕೊನೇಲಿ ಎರಡಾಳು ಗುಂಡಿ. ಎರಡು ಎತ್ತು ಮಿಣಿ ಹಗ್ಗ ಎಳ್ಕೊಂಡು ಆ ಇಳಿಜಾರಲ್ಲಿ ಕೆಳಗೆ ನಡೆದ್ರೆ, ಬಾವಿ ಒಳಗಿಂದ ಚರ್ಮದ ಬಾನಿ ತುಂಬ ನೀರು ಮೇಲೆ ಬರ್ತಿತ್ತು. ಸಾಲದು ಅಂತ ಹೊಡೆಯೋನು ಹಗ್ಗದ ಮೇಲೆ ಹತ್ತಿ ಕೂರ್ತಿದ್ದ. ನೀರು ಕಾಲುವೆಗೆ ಬಿದ್ದ ಮೇಲೆ ಎತ್ತು ತಿರುಗಂಗಿಲ್ಲ, ಹಂಗೇ ಹಿಂದ್ಹಿಂದಕ್ಕೆ ಹೆಜ್ಜೆ ಇಡ್ತಾ ಮೇಲೆ ಹತ್ತಬೇಕು. ದಿನಕ್ಕೆ ಇನ್ನೂರು ಸಲ, ಮುನ್ನೂರು ಸಲ. ಹತ್ತನ್ನೆರಡು ವರ್ಷ.

"ಇಳಿಯೋವಾಗ ಭಾರ ಎಲ್ಲಾ ಎಲ್ಲಿ ಬೀಳತ್ತೆ ಹೇಳು. ಮುಂಗಾಲಿಗೆ. ಅದರಲ್ಲೂ ಒಳಗಡೆ ಗೊರಸಿಗೆ. ಗಾಡಿ ಎತ್ತಿಗೂ ಸ್ವಲ್ಪ ಊದ್ಕೊಳತ್ತೆ, ಇಷ್ಟಿಲ್ಲ. ಸಂತೇಲಿ ನಾವು ಎತ್ತು ಕೊಳ್ಳೋವಾಗ ಹಲ್ಲು ಆಮೇಲೆ ನೋಡ್ತಿದ್ವಿ. ಮೊದ್ಲು ಕೂತ್ಕೊಂಡು ಇಲ್ಲಿ ಬೆರಳು ಇಡೋದು. ಕಪಿಲೆ ಎತ್ತನ್ನ ಬಣ್ಣ ಬಳಿದು ತಂದಿದ್ರೂ ಈ ಜಾಗ ಸುಳ್ಳು ಹೇಳಲ್ಲ."

ಒಳಗಿಂದ ಅಮ್ಮಾಜಮ್ಮ ಅಜ್ಜಿ ಸೊಪ್ಪಿನ ಬುಟ್ಟಿ ಹಿಡ್ಕೊಂಡು ಬಂದ್ಲು. "ಯಾರದು? ಕರ್ರೋಡಾ?"

"ಅವನೇ."

"ಅಯ್ಯೋ, ಅವನೇನೇ ನೀನು ಕಾಲೇಜಿಗೆ ಹೊತ್ಕೊಂಡು ಹೋಗಿದ್ದು," ಅಂತ ಅಜ್ಜಿ ಬುಟ್ಟಿ ಇಳಿಸಿದ್ಲು. ಕರ್ರೋಡು ಅಂದ್ರೆ ತೆಲುಗಲ್ಲಿ ಕರಿಯ. "ಮೋಟ್ರು ಬಂದ ಮೇಲೆ ಅವನನ್ನ ಉಳುಮೆಗೆ ಕಟ್ಟಿದ್ರು ನಿಮ್ಮ ತಾತ. ಸಾಲು ಮುಗಿದ ತಕ್ಷಣ ತಿರುಗೋದು ಬಿಟ್ಟು ಹಿಂದಕ್ಕೆ ಬರೋನು. ನೇಗಿಲು ಇವರ ಕಾಲ್ಮೇಲೆ. ಇವರು ಬೈಯೋರು, ಅವನು ಇನ್ನೂ ಹಿಂದಕ್ಕೆ. ಊರೋರೆಲ್ಲ ಬೇಲಿ ಮೇಲೆ ಕೂತು ನೋಡೋರು."

ಅವನು ಸತ್ತಾಗ ಆ ಹಳೇ ಇಳಿಜಾರಿನ ತುದಿ ಗುಂಡಿಲೇ, ಅರಿಶಿನ ಕುಂಕುಮ ಇಟ್ಟು, ಉಪ್ಪು ಸುರಿದು, ಹೊಸ ಪಂಚೆ ಹೊದಿಸಿ ಹೂತಿದ್ರಂತೆ. ಆಮೇಲೆ ಇಡೀ ಇಳಿಜಾರನ್ನೂ ಮಣ್ಣು ಹಾಕಿ ಸಮ ಮಾಡಿದ್ರಂತೆ. ಯಾಮಿನಿ ಹುಟ್ಟೋ ಹೊತ್ತಿಗೆ ಅಲ್ಲಿ ಬಾವಿ ಇತ್ತು ಅನ್ನೋ ಮಾತನ್ನೇ ಯಾರೂ ಎತ್ತುತಿರ್ಲಿಲ್ಲ. ಆಳ ಕಂಡ ಕಡೆ ಅವಳು ವಯಸ್ಸು ಕಂಡುಬಿಟ್ಟಿದ್ಲು.

ಅವಳ ಕಣ್ಣಲ್ಲಿ ನೀರು ಬಂತು. ತಾತಂಗೆ ಕನ್ನಡಕದಲ್ಲಿ ಕಾಣಿಸಿತೋ ಇಲ್ವೋ, ಮೂಳೆನ ಅವಳ ಕೈಗೆ ವಾಪಸ್ ಇಟ್ಟು ಕೇಳಿದ. "ನಮ್ಮ ಎತ್ತು ಅಂದ್ರೆ ನಿಮ್ಮ ಕಾಲೇಜಲ್ಲಿ ಬೇಡ್ವೇನಮ್ಮ?"

ಅವಳು ಮೂಳೆನ ಮತ್ತೆ ಬಟ್ಟೆಲಿ ಸುತ್ತಿದ್ಲು.

ಶುಕ್ರವಾರ ಬೆಳಿಗ್ಗೆ ಲ್ಯಾಬಲ್ಲಿ ಶ್ರೀಕರಂಗೆ ಎಲ್ಲಾ ಹೇಳಿದ್ಲು. ಅವನು ಬಾವಲಿ ರೆಕ್ಕೆಗೆ ಫೆವಿಕಾಲ್ ಹಚ್ತಾ ಕೇಳಿಸ್ಕೊಂಡ.

"ಯಾರಿಗೂ ಗೊತ್ತಾಗಲ್ಲ," ಅಂದ. "ನಿಮ್ಮ ತಾತ ಸೆಮಿನಾರಿಗೆ ಬರ್ತಾರಾ? ಇಲ್ಲ. 'ಇರಬಹುದು' ಅಂತ ನಾಲ್ಕು ಸಲ ಸೇರಿಸ್ಕೊ, ಮುಗೀತು."

"ಆ ಮೇಡಮ್ ಮೂಳೆ ನೋಡ್ಕೊಂಡೇ ಕೂದಲು ಬೆಳ್ಳಗೆ ಮಾಡ್ಕೊಂಡೋರು ಕಣೋ."

"ಹಂಗಾದ್ರೆ ಹೆಸರು ವಾಪಸ್ ತಗೊ. ನಂಗೇ ಸೀಟು." ಫೆವಿಕಾಲ್ ಮುಚ್ಚಳ ಹಾಕಿದ. "ನೋಡು, ನೀನು ಹಿಂದೆ ಸರಿದ್ರೆ ನಂಗೆ ಲಾಭ. ಆದ್ರೂ ಕೇಳ್ತೀನಿ, ಮೂಳೆ ಅಗಲ ಇರೋದು ನಿಜ ತಾನೇ? ಅದೇನು ನೀನು ಬರ್ಕೊಂಡು ಬಂದಿದ್ದಾ?"

"ನಿಜ."

"ಅಗಲ ನಿಜ, ಕಾರಣ ಸುಳ್ಳು. ಕಾರಣ ಬದಲಾಯ್ಸು."

ಇಷ್ಟೇ ಅವನು ಹೇಳಿದ್ದು. ಹೇಳ್ಬಿಟ್ಟು ಬಾವಲಿ ಕಡೆ ತಿರುಗ್ಕೊಂಡ. ಯಾಮಿನಿ ಕಿಟಕಿ ಹತ್ರ ನಿಂತು ಕಳವಾರದ ಕಡೆ ಬೆಟ್ಟ ನೋಡ್ತಾ ಇದ್ಲು. ಹತ್ತು ನಿಮಿಷ ಆದ ಮೇಲೆ ಫಿಸಿಕ್ಸ್ ಲ್ಯಾಬಿಗೆ ಹೋಗಿ ವರ್ನಿಯರ್ ಕ್ಯಾಲಿಪರ್ಸ್ ತಂದ್ಲು.

ಕಾಲೇಜಿನ ಗಾಜಿನ ಬೀರುಲಿ ಒಂದು ಹಸುವಿನ ಅಸ್ಥಿಪಂಜರ ಇತ್ತು. ಬಾಲ ಅರ್ಧ ಇಲ್ಲ, ಆದ್ರೆ ಕಾಲು ನಾಲ್ಕೂ ಚೆನ್ನಾಗಿವೆ. ಅದು ಹಾಲಿನ ಹಸು, ಒಂದು ದಿನನೂ ನೊಗ ಕಂಡಿಲ್ಲ, ತನುಜ ಮಿಸ್ಸೇ ರಿಜಿಸ್ಟರ್ ನೋಡಿ ಹೇಳಿದ್ರು. ಅದರ ಮುಂಗಾಲಿನ ಎರಡು ಗುಬುಟು ಇಪ್ಪತ್ತೇಳು ಮಿಲಿಮೀಟರು, ಇಪ್ಪತ್ತಾರು ಮಿಲಿಮೀಟರು. ಕರ್ರೋಡಂದು ಒಳಗಡೆ ಮೂವತ್ತೈದು, ಹೊರಗಡೆ ಇಪ್ಪತ್ತೊಂಬತ್ತು. ಮೂರು ಮೂರು ಸಲ ಅಳೆದ್ರು. ಶ್ರೀಕರ್ ಬರ್ಕೊಂಡ, ಯಾಮಿನಿ ಓದಿದ್ಲು.

"ನಿಂಗೆ ಯಾಕೋ ಇಷ್ಟು ಉಪಕಾರ?" ಅಂದ್ಲು.

"ಉಪಕಾರ ಅಲ್ಲ ತಾಯಿ. ಸೋತ್ರೆ ಸುಳ್ಳಿಗೆ ಸೋತೆ ಅಂತ ಆಗ್ಬಾರ್ದು."

ಸಂಜೆ ತನುಜ ಮಿಸ್ ಹತ್ರ ಹೋಗಿ, ಪ್ರಶ್ನೆ ಚಿಹ್ನೆ ತೆಗೆದಿದ್ದು ನಾನೇ ಅಂತ ಒಪ್ಕೊಂಡ್ಲು. ಮಿಸ್ ಬೈಯ್ಲಿಲ್ಲ. "ನಾಳೆ ಮೊದಲನೇ ವಾಕ್ಯನೇ ಅದು ಹೇಳು. ಎರಡನೇ ವಾಕ್ಯಕ್ಕೆ ಇಟ್ಕೊಂಡ್ರೆ ಧೈರ್ಯ ಹೋಗತ್ತೆ," ಅಂದ್ರು.

ಶನಿವಾರ ಸೆಮಿನಾರ್ ಹಾಲಲ್ಲಿ ಫ್ಯಾನ್ ಸದ್ದೇ ಜಾಸ್ತಿ. ಸಂಘಮಿತ್ರ ಮೇಡಮ್ ಮುಂದಿನ ಸಾಲಲ್ಲಿ ಚಪ್ಪಲಿ ಬಿಟ್ಟು ಕಾಲು ಮಡಚ್ಕೊಂಡು ಕೂತಿದ್ರು. ಕುಳ್ಳಗೆ, ಬೆಳ್ಳಿ ಕೂದಲು, ಕನ್ನಡ ಧಾರವಾಡದ್ದು. ಶ್ರೀಕರ್ ಚೆನ್ನಾಗಿ ಮಾತಾಡಿದ. ಒಂದೇ ಕೈ, ಕೋಳಿಗೆ ಗಿಡ್ಡ ಆಯ್ತು, ಕಾಗೆಗೆ ಉದ್ದ ಆಯ್ತು, ಬಾವಲಿಗೆ ಬೆರಳೇ ಕೊಡೆಕಡ್ಡಿ ಆಯ್ತು ಅಂತ ತೋರಿಸಿದ. ಮೇಡಮ್ ಬಾವಲಿ ರೆಕ್ಕೆನ ಕೈಲಿ ತಗೊಂಡು, "ಅಂಟು ಜಾಸ್ತಿ ಆಗೇದ. ಆದ್ರ ಲೆಕ್ಕ ಸರಿ ಅದ," ಅಂದ್ರು.

ಆಮೇಲೆ ಯಾಮಿನಿ.

"ನನ್ನ ಶೀರ್ಷಿಕೆ ತಪ್ಪು," ಅಂದ್ಲು. ಹಿಂದಿನ ಬೆಂಚಲ್ಲಿ ಯಾರೋ ಕಿಸಕ್ಕಂದ್ರು. "ಇದು ಅಳಿದುಹೋದ ಕಾಡೆತ್ತಲ್ಲ. ನಮ್ಮ ತಾತನ ಎತ್ತು. ಹೆಸರು ಕರ್ರೋಡು. ಸತ್ತು ನಲವತ್ತು ವರ್ಷದ ಮೇಲಾಯ್ತು."

ಈಗ ಪೂರ್ತಿ ಹಾಲೇ ನಕ್ತು. ಮೇಡಮ್ ನಗಲಿಲ್ಲ. ಮಡಚಿದ ಕಾಲು ಕೆಳಗೆ ಬಿಟ್ರು.

ಯಾಮಿನಿ ಕಪಿಲೆ ಚಿತ್ರ ಬೋರ್ಡ್ ಮೇಲೆ ಬರೆದ್ಲು. ಎತ್ತು ಬರೆಯಕ್ಕೆ ಹೋಗಿ ಅದು ಹಂದಿ ಥರ ಆಯ್ತು, ಹಂಗೇ ಬಿಟ್ಲು. ಅಳತೆ ಹೇಳಿದ್ಲು. ಆಮೇಲೆ ಮೂಳೆನ ಎತ್ತಿ ಹಿಡಿದು, ಮುಂದಿನ ಗೀರು ತೋರಿಸಿದ್ಲು. "ಎರಡು ಮೂಳೆ ಬೆಸ್ಕೊಂಡಿರೋ ಗುರುತು ಇದು. ಇದನ್ನ ಕರ್ರೋಡು ಸಂಪಾದಿಸಿದ್ದಲ್ಲ. ಅವನ ಅಮ್ಮನಿಂದ ಬಂದಿದ್ದು, ಅವಳಿಗೆ ಅವಳ ಅಮ್ಮನಿಂದ. ಹಿಂಗೇ ಹಿಂದಕ್ಕೆ ಹೋದ್ರೆ ಮನುಷ್ಯರೇ ಇರದ ಕಾಲ." ಮೂಳೆನ ತಲೆಕೆಳಗೆ ತಿರುಗಿಸಿದ್ಲು. "ಈ ಉಬ್ಬು ಅವನೇ ಸಂಪಾದಿಸಿದ್ದು. ಹನ್ನೆರಡು ವರ್ಷದಲ್ಲಿ. ಒಂದೇ ಮೂಳೆಲಿ ಎರಡೂ ಇವೆ. ನಾನು ಎರಡನೇದನ್ನ ಮೊದಲನೇದು ಅಂದ್ಕೊಂಡೆ."

"ಹಂಗಾರ ಅವನ ಕರುಗೂ ಹಿಂಗ ಅಗಲ ಕಾಲು ಬರ್ತಿತ್ತೇನು?" ಮೇಡಮ್ ಕೇಳಿದ್ರು.

"ಅವನು ಎತ್ತು ಮೇಡಮ್. ಕರು ಎಲ್ಲಿಂದ."

ಹಾಲು ಮತ್ತೆ ನಕ್ತು, ಈ ಸಲ ಬೇರೆ ಥರ. ಮೇಡಮ್ಮೂ ನಕ್ರು. "ಜಾಣಿ. ಹೋರಿ ಆಗಿದ್ರ?"

"ಆದ್ರೂ ಬರ್ತಿರ್ಲಿಲ್ಲ. ನಮ್ಮಜ್ಜಿಗೆ ಐವತ್ತು ವರ್ಷ ಹಿಪ್ಪುನೇರಳೆ ಸೊಪ್ಪು ಬಿಡಿಸಿ ಬೆರಳು ಗಂಟು ಕಟ್ಟಿವೆ. ನನ್ನ ಬೆರಳು ನೋಡಿ, ನೆಟ್ಟಗಿವೆ. ಭಾರ ಬಿದ್ದ ಕಡೆ ಮೂಳೆ ತಾನೇ ದಪ್ಪ ಆಗತ್ತಲ್ಲ, ಆ ಗುಣ ಮಾತ್ರ ತಲೆಮಾರಿಗೆ ದಾಟತ್ತೆ. ದಪ್ಪ ದಾಟಲ್ಲ. ಪ್ರತಿ ಎತ್ತೂ ತನ್ನ ಕಾಲು ತಾನೇ ಮಾಡ್ಕೊಬೇಕು."

ಮೇಡಮ್ ಮೂಳೆ ಇಸ್ಕೊಂಡ್ರು. ತಾತ ಮಾಡಿದಂಗೇ ಹೆಬ್ಬೆರಳು ಜಾರಿಸಿದ್ರು, ಅಲ್ಲೇ ನಿಂತ್ರು. "ನೋಡವಾ, ಮುದುಕ ಆದ ದನಕ್ಕೂ ಹಿಂಗ ಊದ್ತದ. ರೋಗಕ್ಕೂ ಊದ್ತದ. ಕಪಿಲೆ ಅಂತ ಹೆಂಗ ಹೇಳ್ತಿ?"

"ಹೇಳಕ್ಕಾಗಲ್ಲ. ನನ್ನ ಹತ್ರ ಒಂದೇ ಕಾಲಿದೆ." ಅಂದ್ಲು ಯಾಮಿನಿ. ಹಂಗೇ ಮುಂದುವರಿಸಿದ್ಲು, "ಮುಪ್ಪೋ ರೋಗವೋ ಆಗಿದ್ರೆ ನಾಲ್ಕು ಕಾಲೂ ಒಂದೇ ಥರ ಊದಿರಬೇಕು. ಇಳಿಜಾರಾಗಿದ್ರೆ ಮುಂದಿನೆರಡು ಜಾಸ್ತಿ, ಹಿಂದಿನೆರಡು ಕಮ್ಮಿ. ಮಿಕ್ಕ ಮೂರು ಕಾಲು ಹೊಂಡದ ಗೋಡೆಲೇ ಇರ್ಬೇಕು."

"ಹಂಗಾರ ತಗೀರಿ ಮತ್ತ."

"ಸೋಮವಾರ ಹೊಂಡಕ್ಕೆ ನೀರು ಇಂಗದಂಗೆ ಪ್ಲಾಸ್ಟಿಕ್ ಹಾಸ್ತಾರೆ ಮೇಡಮ್. ಆಮೇಲೆ ಅಗೆಯಕ್ಕಾಗಲ್ಲ."

"ನಾ ಸೋಮವಾರ ಸಂಜೀ ಹೆಸರು ಕಳಸ್ತೀನಿ," ಅಂದ್ರು ಮೇಡಮ್, ಚಪ್ಪಲಿ ಹುಡುಕ್ತಾ. "ನಾಲ್ಕು ಕಾಲೂ ಒಂದೇ ಥರ ಇದ್ರ, ಅದನ್ನೂ ಬರದು ಕಳಸು. ಮುಚ್ಚಿಡಬ್ಯಾಡ."

ಅಗೆದ್ರೆ ಸೀಟು ಸಿಗಬಹುದು, ಅಗೆದ್ರೆ ಹೋಗಲೂಬಹುದು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಪಂಚೆ ಹೊದಿಸಿ ಹೂತಿದ್ದನ್ನ ಎಬ್ಬಿಸಕ್ಕೆ ತಾತನ್ನ ಕೇಳೋದು ಹೆಂಗೆ.

ಭಾನುವಾರ ಮೊದಲನೇ ಬಸ್ಸಿಗೇ ಹೊರಟ್ಲು. ಶ್ರೀಕರ್ ತಾನಾಗೇ ಜೊತೆಗೆ ಬಂದ, ಮನೇಲಿ ಕೈವಾರಕ್ಕೆ ದೇವರ ದರ್ಶನಕ್ಕೆ ಅಂತ ಹೇಳಿ. ಜಗಲಿ ಮೇಲೆ ತಾತಂಗೆ ಎಲ್ಲಾ ಬಿಡಿಸಿ ಹೇಳಿದ್ಲು, ಸೀಟಿನ ವಿಷ್ಯನೂ ಮುಚ್ಚಿಡ್ಲಿಲ್ಲ. ತಾತ ಬಾಯಿ ತೆಗೆಯೋ ಮುಂಚೆ ಅಜ್ಜಿ ಮಾತಾಡಿದ್ಲು.

"ಹೂತ ಮೇಲೆ ಮುಗೀತು. ಮನುಷ್ಯರಾಗಿದ್ರೆ ತೆಗೀತಿದ್ರಾ? ನಾಳೆ ನನ್ನನ್ನೂ ಅಳೆಯಕ್ಕೆ ತೆಗೀತೀಯ ನೀನು."

"ಒಂದು ಕಾಲು ಆಗಲೇ ಜೆಸಿಬಿ ತೆಗೆದಾಯ್ತಲ್ಲ ಅಜ್ಜಿ. ಮಿಕ್ಕಿದ್ದು ನಾಳೆಯಿಂದ ಪ್ಲಾಸ್ಟಿಕ್ ಕೆಳಗೆ."

ತಾತ ಎದ್ದ. ಗೋಡೆಗೆ ಒರಗಿಸಿದ್ದ ಸಣ್ಣ ಗುದ್ದಲಿ ತಗೊಂಡ. "ಧೂಳು ಬೀಳತ್ತೆ ಕಣ್ಣಿಗೆ, ಡಾಕ್ಟ್ರು ಏನಂದ್ರು," ಅಂತ ಅಜ್ಜಿ ಹಿಂದೇನೇ ಕೂಗ್ಕೊಂಡು ಬಂದ್ಲು. ನಾಲ್ಕು ಜನ ಹೊಂಡಕ್ಕೆ ಇಳಿದ್ರು. ನಲ್ಲಪ್ಪ ಚಿಕ್ಕಪ್ಪ ದಡದಲ್ಲಿ ಕೂತು, "ಅಣೆ ಕಟ್ಟೋ ಮುಂಚೆ ಸರ್ವೇ ಮಾಡ್ತಾ ಇದಾರೆ," ಅಂತ ಯಾರಿಗೋ ಫೋನಲ್ಲಿ ಹೇಳ್ತಿದ್ದ.

ತಾತ ಪೂರ್ವದ ಕಡೆ ಗೋಡೆ ಹತ್ರ ನಿಂತ. ಅಂಗೈ ಮಣ್ಣಿಗೆ ಒತ್ತಿ, "ತಲೆ ಈ ಕಡೆ ಇದೆ. ನಾನೇ ಮಲಗಿಸಿದ್ದು," ಅಂದ. ಎರಡು ಹೆಜ್ಜೆ ಪಕ್ಕಕ್ಕೆ ಬಂದು ಗುದ್ದಲಿ ತುದಿಲಿ ಒಂದು ಗೆರೆ ಎಳೆದ. "ಈ ಗೆರೆ ದಾಟಬೇಡಿ. ತಲೆ ಅವನದು. ಕಾಲು ಕೆಲಸದ್ದು, ಕಾಲು ತಗೊಳ್ಳಿ." ಆಮೇಲೆ ಅಜ್ಜಿ ಕಡೆ ತಿರುಗಿ, "ಏಮಂಟಾವು?" ಅಂದ.

ಅಜ್ಜಿ ಸೆರಗಿಂದ ಮುಖ ಒರೆಸ್ಕೊಂಡ್ಲು. "ಏನನ್ನಲಿ. ಹುಳದ ಮನೆಗೆ ಮಾತ್ರ ಯಾರೂ ಹಂಗೇ ಬರಬೇಡಿ, ತಲೆಗೆ ನೀರು ಹಾಕ್ಕೊಂಡು ಬನ್ನಿ."

"ನಂಗೆ ಅಭ್ಯಾಸ ಇದೆ ಅಜ್ಜಿ," ಅಂದ ಶ್ರೀಕರ್.

ಹತ್ತು ಗಂಟೆ ಹೊತ್ತಿಗೆ ಇನ್ನೊಂದು ಮುಂಗಾಲು ಸಿಕ್ತು. ಯಾಮಿನಿ ಮಣ್ಣು ಒರೆಸೋ ಮುಂಚೆನೇ ಬೆರಳು ಇಟ್ಲು. ಉಬ್ಬು ಇತ್ತು. ಒಳಗಡೆನೇ. ಅವಳು ಕೂತ್ಕೊಂಡ್ಲು, ನಗಲಿಲ್ಲ, ಹಿಂಗಾಲು ಇನ್ನೂ ಬಾಕಿ. ಹಿಂಗಾಲು ಸಿಗಕ್ಕೆ ಬಿಸಿಲು ನೆತ್ತಿಗೆ ಬಂತು. ಮೊದಲು ಒಂದು, ಆಮೇಲೆ ಗುಂಡಿ ಒಳಗಿನ ಗುಂಡಿಲಿ ಇನ್ನೊಂದು. ಕ್ಯಾಲಿಪರ್ಸ್ ಶ್ರೀಕರಂಗೆ ಕೊಟ್ಲು.

"ಒಳಗಡೆ ಇಪ್ಪತ್ತೆಂಟು," ಅಂದ. "ಹೊರಗಡೆ ಇಪ್ಪತ್ತೇಳು."

"ಇನ್ನೊಂದ್ ಸಲ."

"ಇಪ್ಪತ್ತೆಂಟು, ಇಪ್ಪತ್ತೇಳು. ಎಷ್ಟ್ ಸಲ ಅಳೆದ್ರೂ ಬೆಳೆಯಲ್ಲ ಕಣೇ ಅದು, ಸತ್ತಿದೆ."

ಮುಂದಿನೆರಡು ಊದಿವೆ. ಹಿಂದಿನೆರಡು ಸುಮಾರು ಬೀರುವಿನ ಹಸು ಥರಾನೇ. ಯಾಮಿನಿ ಈಗ ನಕ್ಳು, ಆದ್ರೆ ಹಿಂಗಾಲಿನ ಮೂಳೆನ ತಿರುಗಿಸ್ತಾ ತಿರುಗಿಸ್ತಾ ನಗು ನಿಂತ್ಹೋಯ್ತು. ಅದರ ಮೇಲ್ತುದಿಲಿ, ಕೀಲಿನ ಹತ್ರ, ಇನ್ನೊಂದು ಚಪ್ಪಟೆ ಪುಟ್ಟ ಮೂಳೆ ಬಿಡಿಸಕ್ಕಾಗದಂಗೆ ಅಂಟ್ಕೊಂಡಿತ್ತು. ಬೀರುವಿನ ಹಸುಲಿ ಅದು ಬೇರೆನೇ ಇತ್ತು, ತಂತಿಲಿ ಕಟ್ಟಿದ್ರು, ಅವಳಿಗೆ ಚೆನ್ನಾಗಿ ನೆನಪಿದೆ. ಇನ್ನೊಂದು ಹಿಂಗಾಲು ನೋಡಿದ್ಲು. ಅದರಲ್ಲೂ ಹಂಗೇ.

"ತಾತ, ಇದು ಯಾಕೆ ಹಿಂಗೆ?"

ತಾತ ಕೈಗೆ ತಗೊಂಡು ಸವರಿದ. ತುಂಬ ಹೊತ್ತು ಸವರಿದ. "ಇದು ನಂಗೆ ಗೊತ್ತಿಲ್ಲಮ್ಮ. ಇಲ್ಲಿ ಯಾವತ್ತೂ ಬೆರಳು ಇಟ್ಟು ನೋಡಿಲ್ಲ."

ಹೊಂಡದಲ್ಲೇ ಕೂತು ಯಾಮಿನಿ ಅಷ್ಟೂ ಅಳತೆ, ಹನ್ನೆರಡು ಫೋಟೋ, ಎಲ್ಲಾ ಮೇಡಮ್ಮಿಗೆ ಕಳಿಸಿದ್ಲು. ಕೆಳಗೆ ಬರೆದ್ಲು, 'ಮುಂಗಾಲು ಅಂದ್ಕೊಂಡಂಗೇ ಇದೆ. ಹಿಂಗಾಲಿನ ಕೀಲು ಯಾಕೆ ಅಂಟ್ಕೊಂಡಿದೆ ಗೊತ್ತಿಲ್ಲ. ಹಿಂದ್ಹಿಂದಕ್ಕೆ ಹತ್ತಿದ್ದಕ್ಕಾ? ವಯಸ್ಸಿಗಾ?' ಈ ಸಲ ಎರಡೂ ಪ್ರಶ್ನೆ ಚಿಹ್ನೆ ಹಂಗೇ ಇಟ್ಟು ಕಳಿಸಿದ್ಲು.

ಸೋಮವಾರ ಸಂಜೆವರೆಗೂ ಕಾಯಬೇಕಾಗ್ಲಿಲ್ಲ. ಎಲ್ಲರೂ ಬೋರ್‌ವೆಲ್ ತೊಟ್ಟಿ ಹತ್ರ ಸಾಲಾಗಿ ನಿಂತು ತಲೆಗೆ ನೀರು ಹುಯ್ಕೊತಿರೋವಾಗ, ಕಲ್ಲಿನ ಮೇಲಿಟ್ಟಿದ್ದ ಫೋನು ಕುಯ್ ಅಂತು. ಯಾಮಿನಿಗೆ ಕಣ್ಣಲ್ಲೆಲ್ಲ ಸೋಪು. "ಓದೋ," ಅಂದ್ಲು.

ಶ್ರೀಕರ್ ಓದಿದ, ಮೊದ್ಲು ಮನಸ್ಸಲ್ಲೇ, ಆಮೇಲೆ ಜೋರಾಗಿ. ಅವನ ಮುಖ ಒಂಚೂರು ಸಣ್ಣಗಾಯ್ತು, ಆದ್ರೆ ಒಂದಕ್ಷರನೂ ನುಂಗದೆ ಓದಿದ.

'ಕೀಲಿಂದು ನಂಗೂ ಗೊತ್ತಿಲ್ಲ. ಜೂನ್ ಎರಡಕ್ಕೆ ನಾಲ್ಕೂ ಕಾಲು ತಗೊಂಡು ಬಾ, ಕೂತು ನೋಡೋಣು. ಬಾವಲಿ ಹುಡುಗಗ ಹೇಳು, ಡಿಸೆಂಬರ್‌ನ್ಯಾಗ ಇನ್ನೊಂದು ಸೀಟ್ ಅದ, ಅಂಟು ಕಡಿಮಿ ಹಚ್ಚಲಿ. ಮತ್ತ ನಿಮ್ಮ ತಾತನ ಕೇಳು, ಆ ಸೀಮ್ಯಾಗ ಇನ್ನೆಷ್ಟು ಕಪಿಲೆ ಬಾವಿ ಮುಚ್ಯಾರ ಅಂತ.'

ತಾತ ಒದ್ದೆ ತಲೆಲೇ, ಕರಿ ಕನ್ನಡಕ ಮೇಲೆ ಸರಿಸ್ಕೊಂಡು, ಬೆರಳು ಮಡಚಕ್ಕೆ ಶುರು ಮಾಡಿದ. "ಪಡುವಣ ತೋಟದಲ್ಲಿ ಒಂದು. ರೆಡ್ಡಿಯೋರ ಹೊಲದಲ್ಲಿ ಎರಡು. ಕೆರೆ ಕೆಳಗೆ..."

"ತಡಿ ತಾತ, ಬರ್ಕೊತೀನಿ," ಅಂತ ಯಾಮಿನಿ ಸೋಪಿನ ಕೈಯಲ್ಲೇ ಫೋನು ಕಿತ್ಕೊಂಡ್ಲು.